ಬಾದಾಮಿಯ ಆನೆ, ಬೆಂಗಳೂರಿನ ಮಣೆ

ಭಾರತದ ಮೊದಲ ರಾಷ್ಟ್ರೀಯ ಮಹಿಳಾ ಚೆಸ್ ಚಾಂಪಿಯನ್‌ಶಿಪ್ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, 1974ರಲ್ಲಿ. ಗೆದ್ದದ್ದು ಮುಂಬೈಯ ವಾಸಂತಿ ಖಾಡಿಲ್ಕರ್, ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ. ಕ್ರೀಡೆಯ ಚರಿತ್ರೆ ಬರೆಯುವವರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಮುಗಿಸಿ ವಿಶ್ವನಾಥನ್ ಆನಂದ್, ಕೊನೇರು ಹಂಪಿ ಎಂದು ಮುಂದೆ ಹೋಗಿಬಿಡುತ್ತಾರೆ. ಅಷ್ಟು ಬೇಗ ದಾಟಿ ಹೋಗುವ ಸಾಲಲ್ಲ ಅದು. ಅದರ ಹಿಂದೆ ಹದಿಮೂರು ಶತಮಾನಗಳ ದಾರಿಯಿದೆ, ಆ ದಾರಿಯ ಒಂದು ತುದಿ ಬಾದಾಮಿಯಲ್ಲಿದೆ. ಮುಂದಿನ ಹತ್ತು ವರ್ಷದ ಕಥೆಯಂತೂ ಬಾಗಲಕೋಟೆಗೆ ದೂರವಲ್ಲದ ನೆಲದಿಂದ ಹೊರಟ ಒಂದೇ ಮನೆತನದ್ದು.

ಐಹೊಳೆಯ ಮೇಗುತಿ ಗುಡ್ಡ ಹತ್ತಿದವರಿಗೆ ರವಿಕೀರ್ತಿಯ ಶಾಸನ ಗೊತ್ತು. ಕ್ರಿ.ಶ. 634ರದ್ದು. ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಎದುರು ಹರ್ಷನ ಆನೆಗಳು ರಣದಲ್ಲಿ ಉರುಳಿದವು, ಹರ್ಷನ ಹರ್ಷ ಅಳಿಯಿತು ಎಂಬ ಅರ್ಥದ ಮಾತನ್ನು ಆ ಜೈನ ಕವಿ ಅಲ್ಲಿ ಕಲ್ಲಿಗೆ ಹಾಕಿಸಿದ್ದಾನೆ. ನರ್ಮದೆಯ ದಂಡೆಯಲ್ಲಿ ಸೋತ ಆ ಹರ್ಷವರ್ಧನನ ಆಸ್ಥಾನದಲ್ಲಿದ್ದವನು ಬಾಣಭಟ್ಟ. ಅವನ ‘ಹರ್ಷಚರಿತ’ದಲ್ಲಿ ತನ್ನ ದೊರೆಯ ರಾಜ್ಯ ಎಷ್ಟು ನೆಮ್ಮದಿಯಿಂದಿತ್ತು ಎಂದು ಹೊಗಳುವಾಗ ಒಂದು ಮಾತು ಬರುತ್ತದೆ: ಚತುರಂಗ ಸೇನೆಯ ವ್ಯೂಹವನ್ನು ಅಲ್ಲಿ ನೋಡಬೇಕಾದರೆ ಎಂಟು ಮನೆಯ ಅಷ್ಟಾಪದ ಮಣೆಯ ಮೇಲೆ ಮಾತ್ರ ನೋಡಬೇಕಿತ್ತಂತೆ. ಚದುರಂಗದ ಆಟವನ್ನು ಗುರುತಿಸಬಹುದಾದ ಅತ್ಯಂತ ಹಳೆಯ ಸಂಸ್ಕೃತ ಉಲ್ಲೇಖಗಳಲ್ಲಿ ಇದೂ ಒಂದೆಂದು ವಿದ್ವಾಂಸರು ಹೇಳುತ್ತಾರೆ. ಅಂದರೆ ಚದುರಂಗ ಬರವಣಿಗೆಗೆ ಇಳಿದ ಕಾಲ ಪುಲಕೇಶಿಯ ಕಾಲ. ಬಾಣ ಮಣೆಯ ಮೇಲೆ ಮಾತ್ರ ಇದೆ ಎಂದ ಯುದ್ಧವನ್ನು ನಿಜವಾದ ಆನೆಗಳಿಂದ ಹರ್ಷನಿಗೆ ತೋರಿಸಿಕೊಟ್ಟದ್ದು ಬಾದಾಮಿಯ ಸೇನೆ.

ಆ ಆನೆಗಳ ವಿವರ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗನ ಬರಹದಲ್ಲಿದೆ. ಪುಲಕೇಶಿಯ ನಾಡಿನಲ್ಲಿ ನೂರಾರು ಯುದ್ಧದಾನೆಗಳಿದ್ದವು, ಯುದ್ಧಕ್ಕೆ ಹೊರಡುವ ಮುಂಚೆ ಅವಕ್ಕೆ ಮದ್ಯ ಕುಡಿಸಿ ಮದವೇರಿಸುತ್ತಿದ್ದರು ಎಂದು ಅವನು ಬರೆದಿದ್ದಾನೆ. ಆನೆ, ಕುದುರೆ, ಕಾಲಾಳು ಬಾದಾಮಿಯವರ ಕಣ್ಣೆದುರಿನ ಸಂಗತಿಗಳು. ರಥ ಆ ಹೊತ್ತಿಗಾಗಲೇ ರಣರಂಗದಿಂದ ಹೆಚ್ಚುಕಡಿಮೆ ಮರೆಯಾಗಿತ್ತು. ಮಣೆಯ ಮೇಲೆ ಮಾತ್ರ ಅದು ಉಳಿಯಿತು. ಆಟ ಪಶ್ಚಿಮಕ್ಕೆ ದಾಟಿದ್ದೂ ಹೆಚ್ಚುಕಡಿಮೆ ಈ ಶತಮಾನಗಳಲ್ಲೇ. ಪರ್ಶಿಯಾದ ಒಂದನೇ ಖುಸ್ರೋವಿನ ದರಬಾರಿಗೆ ಭಾರತದಿಂದ ಚದುರಂಗ ಬಂದ ಕಥೆಯನ್ನು ಪಹ್ಲವಿ ಭಾಷೆಯ ಒಂದು ಕೃತಿ ಹೇಳುತ್ತದೆ. ಅವನ ಮೊಮ್ಮಗ ಇಮ್ಮಡಿ ಖುಸ್ರೋವಿಗೂ ಭಾರತದ ಒಬ್ಬ ರಾಜನಿಗೂ ರಾಯಭಾರ ನಡೆದದ್ದನ್ನು ಅರಬ್ಬೀ ಭಾಷೆಯಲ್ಲಿ ಬರೆದ ಇತಿಹಾಸಕಾರ ತಬರಿ ದಾಖಲಿಸಿದ್ದಾನೆ. ಆ ರಾಜ ನಮ್ಮ ಪುಲಕೇಶಿಯೇ ಎಂದು ಗುರುತಿಸಿದ ವಿದ್ವಾಂಸರಿದ್ದಾರೆ.

ಈ ಯುದ್ಧದ ನೆಲದಲ್ಲಿ ಹೆಂಗಸರು ಎಲ್ಲಿದ್ದರು? ಅಧಿಕಾರದಲ್ಲಿದ್ದರು. 642ರಲ್ಲಿ ಪಲ್ಲವರು ಬಾದಾಮಿಯನ್ನು ಹಿಡಿದು, ಪುಲಕೇಶಿ ಅಳಿದು, ಚಾಲುಕ್ಯ ಮನೆ ಚದುರಿಹೋದ ಮೇಲೆ ಅವನ ಸೊಸೆ, ಚಂದ್ರಾದಿತ್ಯನ ಹೆಂಡತಿ ವಿಜಯಭಟ್ಟಾರಿಕೆ ಕೊಂಕಣದ ಕಡೆ ತನ್ನ ಹೆಸರಿನಲ್ಲೇ ದಾನಶಾಸನ ಹೊರಡಿಸಿದಳು. ನೇರೂರಿನ ತಾಮ್ರಪಟ ಅದಕ್ಕೆ ಸಾಕ್ಷಿ. ಸಂಸ್ಕೃತ ಕವಯಿತ್ರಿ ವಿಜ್ಜಿಕೆ ಇವಳೇ ಎಂದು ಅನೇಕರು ನಂಬುತ್ತಾರೆ. ಮುಂದಿನ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಪಟ್ಟದಕಲ್ಲಿನಲ್ಲಿ ಎರಡು ದೊಡ್ಡ ಗುಡಿ ಕಟ್ಟಿಸಿದವರು ಅವನ ರಾಣಿಯರಾದ ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿ. ಇಬ್ಬರೂ ಅಕ್ಕತಂಗಿಯರು. ಇಂದು ನಾವು ವಿರೂಪಾಕ್ಷ, ಮಲ್ಲಿಕಾರ್ಜುನ ಎಂದು ಕರೆಯುವ ಗುಡಿಗಳು ಅವು.

ಐತಿಹ್ಯಗಳೂ ಹೆಣ್ಣನ್ನು ಮಣೆಯ ಮುಂದೆಯೇ ಕೂರಿಸಿವೆ. ಚದುರಂಗವನ್ನು ಹುಟ್ಟಿಸಿದವಳು ರಾವಣನ ಹೆಂಡತಿ ಎಂಬ ನಂಬಿಕೆಯನ್ನು ವಿಲಿಯಂ ಜೋನ್ಸ್ 18ನೇ ಶತಮಾನದ ಕೊನೆಯಲ್ಲಿ ಬರೆದಿಟ್ಟ. ತಮಿಳುನಾಡಿನ ಪೂವನೂರಿನ ಸ್ಥಳಪುರಾಣದಲ್ಲಿ ಯಾರಿಗೂ ಸೋಲದ ರಾಜಕುಮಾರಿಯನ್ನು ಚದುರಂಗದಲ್ಲಿ ಗೆಲ್ಲಲು ಸ್ವತಃ ಶಿವನೇ ಬರಬೇಕಾಯಿತು. ಎಲ್ಲೋರದ ಗುಹೆಯಲ್ಲಿ ಪಾರ್ವತಿ ಶಿವನೊಡನೆ ಪಗಡೆಗೆ ಕೂತಿದ್ದಾಳೆ. ಶಿಲ್ಪಕ್ಕೆ, ಪುರಾಣಕ್ಕೆ ಹೆಣ್ಣಿನ ಆಟ ಅಷ್ಟು ಸಹಜವಾಗಿತ್ತು. ಶಾಸ್ತ್ರ ಬರೆಯುವಾಗ, ಬಿರುದು ಕೊಡುವಾಗ, ಪಂದ್ಯ ಕಟ್ಟುವಾಗ ಮಾತ್ರ ಆಟ ದೊರೆಗಳದ್ದಾಯಿತು, ಗಂಡಸರದ್ದಾಯಿತು. ಕಲ್ಯಾಣದ ಚಾಲುಕ್ಯ ಮುಮ್ಮಡಿ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದ ಕ್ರೀಡಾವಿಂಶತಿಯಲ್ಲಿ ಅರವತ್ತರಷ್ಟು ಶ್ಲೋಕಗಳನ್ನು ಚದುರಂಗಕ್ಕೇ ಇಟ್ಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ಒಂದು ಮನೆಗೆ ಎರಡು ಬಾರಿ ಕಾಲಿಡದೆ ಅರವತ್ನಾಲ್ಕು ಮನೆಯನ್ನೂ ಸುತ್ತಿಬರುವ ತುರಗ ಪದಬಂಧಗಳನ್ನು ಕಟ್ಟಿದರು. ಅವರ ಒಂದು ಸುತ್ತನ್ನು ಗಣಿತಜ್ಞರು ಈಗಲೂ ಎತ್ತಿ ಹೇಳುತ್ತಾರೆ. ನಡೆದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ ಪ್ರತಿ ಅಡ್ಡಸಾಲಿನ ಮೊತ್ತವೂ ಪ್ರತಿ ಕಂಬಸಾಲಿನ ಮೊತ್ತವೂ ಒಂದೇ ಬರುತ್ತದೆ: 260.

ಮನೆಯೊಳಗಿನ ಆಟದ ರೀತಿಯೇ ಬೇರೆ. ನಮ್ಮ ಹಳೆಯ ದೇಸಿ ಕಟ್ಟಳೆಯಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಸಾಗಬೇಕು. ರಾಜ ಒಂದು ಸಲ ಮಾತ್ರ ಕುದುರೆಯ ಹಾಗೆ ಜಿಗಿಯಬಹುದು. ಕೊನೆಯ ಮನೆ ಮುಟ್ಟಿದ ಕಾಲಾಳು ಯಾವ ಸಾಲಿನಲ್ಲಿದೆಯೋ ಆ ಸಾಲಿನ ಕಾಯಿಯಾಗಿ ಏಳುತ್ತದೆ. ಆನೆ ನೇರ, ಒಂಟೆ ಓರೆ, ಕುದುರೆ ಎರಡೂವರೆ ಮನೆ ಎಂದು ಬಾಯಿಪಾಠ ಮಾಡಿಸಿ ಮಕ್ಕಳಿಗೆ ಆಟ ಕಲಿಸುತ್ತಾರೆ. ಈ ದೇಸಿ ಕಟ್ಟಳೆಯಿಂದಲೇ ಬಂದವನು ಪಂಜಾಬಿನ ಮೀರ್ ಸುಲ್ತಾನ್ ಖಾನ್. ಸರ್ ಉಮರ್ ಹಯಾತ್ ಖಾನರ ಪರಿವಾರದಲ್ಲಿದ್ದ ಅವನು ಇಂಗ್ಲೆಂಡಿಗೆ ಹೋಗಿ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ಅದೇ ಪರಿವಾರದಲ್ಲಿ ಕೆಲಸಕ್ಕಿದ್ದ ಫಾತಿಮಾ ಎಂಬ ಯುವತಿ 1933ರಲ್ಲಿ ಹೇಸ್ಟಿಂಗ್ಸ್‌ನಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್‌ಶಿಪ್ ಗೆದ್ದಳು. ಹತ್ತು ಗೆಲುವು, ಒಂದು ಡ್ರಾ, ಸೋಲೇ ಇಲ್ಲ. ಒಂದೇ ವರ್ಷ ಬ್ರಿಟನ್ನಿನ ಎರಡೂ ಕಿರೀಟಗಳು ಒಂದೇ ಭಾರತೀಯ ಪರಿವಾರದ ಇಬ್ಬರ ತಲೆ ಏರಿದವು. ಸುಲ್ತಾನ್ ಖಾನನ ಬಗ್ಗೆ ಪುಸ್ತಕಗಳೇ ಬಂದಿವೆ. ಫಾತಿಮಾಳಿಗೆ ಸಿಕ್ಕಿದ್ದು ಅಡಿಟಿಪ್ಪಣಿ. ಇದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಅಖಿಲ ಭಾರತ ಚೆಸ್ ಫೆಡರೇಶನ್ ಹುಟ್ಟಿದ್ದು 1951ರಲ್ಲಿ. ಆಂಧ್ರದ ಏಲೂರಿನಲ್ಲಿ 1955ರಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು. ಹೆಣ್ಣುಮಕ್ಕಳಿಗಾಗಿ ಒಂದು ಪಂದ್ಯಾವಳಿ ಕಟ್ಟಲು ಅಲ್ಲಿಂದ ಇನ್ನೂ 19 ವರ್ಷ ಹಿಡಿಯಿತು. ಜಗತ್ತಿನ ಮಹಿಳಾ ಚಾಂಪಿಯನ್‌ಶಿಪ್ 1927ರಿಂದಲೇ ಇತ್ತು. ವೆರಾ ಮೆನ್‌ಚಿಕ್ ಮೊದಲ ಕಿರೀಟ ತೊಟ್ಟಿದ್ದರು. 1972ರಲ್ಲಿ ರೇಕ್ಯಾವಿಕ್‌ನಲ್ಲಿ ವಿಶ್ವ ಕಿರೀಟಕ್ಕಾಗಿ ಫಿಷರ್ ಮತ್ತು ಸ್ಪಾಸ್ಕಿ ಸೆಣಸಿದಾಗ ಚೆಸ್ ಹಲವು ದೇಶಗಳ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅದಾದ ಎರಡೇ ವರ್ಷಕ್ಕೆ ಬೆಂಗಳೂರಿನ ಪಂದ್ಯಾವಳಿ.

ಆ ಕಾಲದ ದೊಡ್ಡ ಪಂದ್ಯ ಹೇಗಿರುತ್ತಿತ್ತು ಎಂದು ಈಗಿನ ಮಕ್ಕಳಿಗೆ ಹೇಳಬೇಕು. ಮೇಜಿನ ಪಕ್ಕದಲ್ಲಿ ಎರಡು ಮುಖದ ಗಡಿಯಾರ. ನಡೆ ಇಟ್ಟವರು ತಮ್ಮ ಕಡೆಯ ಗುಂಡಿ ಒತ್ತಿದರೆ ಎದುರಾಳಿಯ ಮುಳ್ಳು ಓಡತೊಡಗುತ್ತದೆ. ಮುಳ್ಳು ಹನ್ನೆರಡರ ಹತ್ತಿರ ಬಂದಾಗ ಒಂದು ಪುಟ್ಟ ಕೆಂಪು ಬಾವುಟ ಮೇಲೇಳುತ್ತದೆ, ಗಂಟೆ ತುಂಬಿದೊಡನೆ ದಪ್ಪನೆ ಬೀಳುತ್ತದೆ. ಬಾವುಟ ಬೀಳುವುದರೊಳಗೆ ಗೊತ್ತುಪಡಿಸಿದಷ್ಟು ನಡೆ ಮುಗಿದಿರಬೇಕು, ಇಲ್ಲವಾದರೆ ಎಷ್ಟೇ ಒಳ್ಳೆಯ ಸ್ಥಿತಿಯಲ್ಲಿದ್ದರೂ ಸೋಲು. ಎರಡೂವರೆ ಗಂಟೆಗೆ 40 ನಡೆ ಎಂಬುದು ಆಗಿನ ರೂಢಿ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಆಡಿದ ಪ್ರತಿ ನಡೆಯನ್ನೂ ಕಾಗದದಲ್ಲಿ ಬರೆಯಬೇಕು. ಈಗ ಇ4 ಎಂದು ಬರೆಯುವ ನಡೆಯನ್ನು ಆಗ ನಮ್ಮಲ್ಲಿ ಇಂಗ್ಲಿಷ್ ಪದ್ಧತಿಯಲ್ಲಿ ಪಿ-ಕೆ4 ಎಂದು ಬರೆಯುತ್ತಿದ್ದರು. ಆಟ ಅಂದಿಗೆ ಮುಗಿಯದಿದ್ದರೆ ನಡೆಯ ಸರದಿ ಇದ್ದವರು ಮುಂದಿನ ನಡೆಯನ್ನು ಮಣೆಯ ಮೇಲೆ ಇಡದೆ ಚೀಟಿಯಲ್ಲಿ ಬರೆದು, ಲಕೋಟೆಯೊಳಗೆ ಹಾಕಿ, ಅಂಟಿಸಿ ತೀರ್ಪುಗಾರರ ಕೈಗೆ ಕೊಡಬೇಕು. ಅದಕ್ಕೆ ಅಡ್ಜರ್ನ್‌ಮೆಂಟ್ ಎನ್ನುತ್ತಿದ್ದರು. ಎದುರಾಳಿಗೆ ರಾತ್ರಿ ಊಟ ಸೇರದು, ನಿದ್ದೆ ಹತ್ತದು. ಲಕೋಟೆಯಲ್ಲಿ ಯಾವ ನಡೆ ಇರಬಹುದು, ಅದಕ್ಕೆ ಉತ್ತರವೇನು, ಅದಲ್ಲದೆ ಬೇರೊಂದಿದ್ದರೆ ಏನು ಎಂದು ಬೆಳಗಾಗುವವರೆಗೂ ಕಾಯಿ ಜೋಡಿಸುವುದೇ ಕೆಲಸ. ಚೀಟಿಯಲ್ಲಿ ಬರೆದ ನಡೆ ಅಸ್ಪಷ್ಟವಾಗಿದ್ದರೆ ಬರೆದವರ ಆಟವೇ ಹೋಗುತ್ತಿತ್ತು. ಕಂಪ್ಯೂಟರ್ ಇಲ್ಲದ ಆ ರಾತ್ರಿಗಳಲ್ಲಿ ನೆರವಿಗೆ ಇರುತ್ತಿದ್ದುದು ಜೊತೆಗೆ ಬಂದವರ ತಲೆ ಮಾತ್ರ. ಮನೆಯಲ್ಲೇ ಒಳ್ಳೆಯ ಆಟಗಾರ್ತಿಯರಿದ್ದರೆ ಅದೇ ದೊಡ್ಡ ಬಲ.

ಖಾಡಿಲ್ಕರ್ ಮನೆಯಲ್ಲಿ ಅಂಥವರು ಮೂವರು: ವಾಸಂತಿ, ಜಯಶ್ರೀ, ರೋಹಿಣಿ. ತಂದೆ ನೀಲಕಂಠ ಖಾಡಿಲ್ಕರ್ ಮುಂಬೈಯ ‘ನವಾಕಾಳ’ ಪತ್ರಿಕೆಯ ಸಂಪಾದಕರಾಗಿದ್ದರು. ಆ ಪತ್ರಿಕೆಯನ್ನು 1923ರಲ್ಲಿ ಆರಂಭಿಸಿದವರು ಇದೇ ಮನೆತನದ, ಮರಾಠಿ ಸಂಗೀತ ನಾಟಕಗಳ ದೊಡ್ಡ ಹೆಸರು ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ್. ಅವರು ಹುಟ್ಟಿದ ಊರು ಸಾಂಗಲಿ. ಬಾಗಲಕೋಟೆ ಜಿಲ್ಲೆಯ ಓದುಗರಿಗೆ ಸಾಂಗಲಿ ದೂರದ ಹೆಸರಲ್ಲ. ಇಂದು ಇದೇ ಜಿಲ್ಲೆಯಲ್ಲಿರುವ ತೇರದಾಳ ಸ್ವಾತಂತ್ರ್ಯ ಬರುವವರೆಗೂ ಸಾಂಗಲಿ ಸಂಸ್ಥಾನದ ತಾಲ್ಲೂಕಾಗಿತ್ತು. ಜಮಖಂಡಿಯನ್ನು ಆಳಿದವರೂ ಸಾಂಗಲಿಯನ್ನಾಳಿದ ಪಟವರ್ಧನ ಮನೆತನದ ಇನ್ನೊಂದು ಕವಲು. ಚೆಸ್‌ಗೆ ಮರಾಠಿಗರು ಹೇಳುವ ಬುದ್ಧಿಬಳ ಎಂಬ ಹೆಸರು ನಮ್ಮ ಗಡಿಯ ಹಿರಿಯರ ಕಿವಿಗೂ ಹೊಸದಲ್ಲ. ಸಾಂಗಲಿ ಈಗಲೂ ಚೆಸ್ಸಿನ ಊರು. ಭಾವುಸಾಹೇಬ ಪಡಸಲಗೀಕರ್ ಕಟ್ಟಿ ಬೆಳೆಸಿದ ನೂತನ ಬುದ್ಧಿಬಳ ಮಂಡಳ ಅಲ್ಲಿದೆ. 2006ರಲ್ಲಿ ರಾಷ್ಟ್ರೀಯ ಮಹಿಳಾ ಕಿರೀಟ ಗೆದ್ದ ಸ್ವಾತಿ ಘಾಟೆ ಅದೇ ಊರಿನವರು.

ಬೆಂಗಳೂರಿನಲ್ಲಿ ಅಕ್ಕ ವಾಸಂತಿ ತೆರೆದ ಬಾಗಿಲಿನಿಂದ ತಂಗಿಯರಿಬ್ಬರೂ ಒಳನುಗ್ಗಿದರು. ಮೊದಲ ಹತ್ತು ವರ್ಷ ಆ ಮನೆಯಿಂದ ರಾಷ್ಟ್ರೀಯ ಕಿರೀಟ ಹೊರಗೆ ಹೋಗಲೇ ಇಲ್ಲ. ವಾಸಂತಿ ಒಂದು ಬಾರಿ, ಜಯಶ್ರೀ ನಾಲ್ಕು ಬಾರಿ, ರೋಹಿಣಿ ಐದು ಬಾರಿ ಗೆದ್ದರು. 1979ರಲ್ಲಿ ಜಯಶ್ರೀ ಮಹಿಳಾ ಇಂಟರ್‌ನ್ಯಾಷನಲ್ ಮಾಸ್ಟರ್ ಪದವಿ ಪಡೆದ ಮೊದಲ ಭಾರತೀಯಳಾದರು. ಮೂವರು ಸಹೋದರಿಯರು, ಒಂದೇ ಮಣೆ ಎಂದರೆ ಇಂದಿನವರಿಗೆ ಹಂಗೇರಿಯ ಪೋಲ್ಗಾರ್ ಅಕ್ಕತಂಗಿಯರು ನೆನಪಾಗುತ್ತಾರೆ. ಪೋಲ್ಗಾರರು ಜಗತ್ತಿನ ಕಣ್ಣಿಗೆ ಬೀಳುವ ಎಷ್ಟೋ ವರ್ಷ ಮೊದಲೇ ಗಿರಗಾಂವ್‌ನ ಈ ಮೂವರು ಹುಡುಗಿಯರು ಅದೇ ಕೆಲಸ ಮಾಡಿ ಮುಗಿಸಿದ್ದರು.

ಕಿರೀಟಗಳಿಗಿಂತ ದೊಡ್ಡದು ರೋಹಿಣಿ ಎತ್ತಿದ ಪ್ರಶ್ನೆ. ಹದಿಮೂರನೇ ವಯಸ್ಸಿಗೆ ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆದ ಆ ಹುಡುಗಿ 1976ರಲ್ಲಿ ಗಂಡಸರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಲು ಹೋದಳು. ಅಲ್ಲಿಯವರೆಗೆ ಯಾವ ಹೆಂಗಸೂ ಅಲ್ಲಿ ಆಡಿರಲಿಲ್ಲ. ಗುಜರಾತ್, ಮಹಾರಾಷ್ಟ್ರ, ಪಶ್ಚಿಮ ಬಂಗಾಳ, ಈ ಮೂರು ರಾಜ್ಯಗಳ ಚಾಂಪಿಯನ್ನರು ಅವಳೆದುರು ಸೋತರು. ಗದ್ದಲ ಎದ್ದಿತು. ಹೆಂಗಸರಿಗೆ ಹೆಂಗಸರ ಪಂದ್ಯಾವಳಿ ಇದೆಯಲ್ಲ, ಇಲ್ಲೇಕೆ ಬರಬೇಕು ಎಂಬುದು ತಕರಾರು. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ತೆರೆದ ಬಾಗಿಲನ್ನೇ ಗೋಡೆ ಮಾಡಿ ತೋರಿಸಿದರು. ಪ್ರತ್ಯೇಕ ಪಂದ್ಯಾವಳಿ ಕೊಟ್ಟವರು ಅದನ್ನೇ ಎಲ್ಲೆ ಎಂದುಕೊಳ್ಳುವ ಅಪಾಯ ಎಲ್ಲ ಕಾಲಕ್ಕೂ ಇರುತ್ತದೆ. ಅದನ್ನು ಮೊದಲು ಗುರುತಿಸಿ ನಿಂತವರು ಖಾಡಿಲ್ಕರರು.

ವಿಷಯ ಹೈಕೋರ್ಟ್ ಮೆಟ್ಟಿಲೇರಿತು, ಅಲ್ಲಿ ರೋಹಿಣಿಗೆ ಗೆಲುವಾಯಿತು. ಆಗ ಜಾಗತಿಕ ಚೆಸ್ ಸಂಸ್ಥೆ ಫಿಡೆಯ ಅಧ್ಯಕ್ಷರಾಗಿದ್ದವರು ಹಾಲೆಂಡಿನ ಮ್ಯಾಕ್ಸ್ ಯೂವೆ, 1935ರಲ್ಲಿ ಅಲೆಖಿನ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆಗಿದ್ದವರು. ರಾಷ್ಟ್ರೀಯ, ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳಿಂದ ಹೆಂಗಸರನ್ನು ಹೊರಗಿಡುವಂತಿಲ್ಲ ಎಂದು ಅವರು ತೀರ್ಪು ಕೊಟ್ಟರು. ಆಗಿನ್ನೂ ಯಾವ ಹೆಂಗಸಿಗೂ ಗ್ರಾಂಡ್‌ಮಾಸ್ಟರ್ ಪದವಿ ಸಿಕ್ಕಿರಲಿಲ್ಲ. ಜಾರ್ಜಿಯಾದ ನೋನಾ ಗಪ್ರಿಂದಾಶ್ವಿಲಿಗೆ ಅದು ದೊರೆತದ್ದು 1978ರಲ್ಲಿ. ಇಷ್ಟಾದ ಮೇಲೂ ಫಿಡೆಯ ಕಾಗದಪತ್ರಗಳಲ್ಲಿ ವಿಶ್ವ ಕಿರೀಟದ ಹಾದಿ ಗಂಡಸರದ್ದು ಎಂದೇ ಉಳಿದಿತ್ತು. 1986ರಲ್ಲಿ ಸೂಸನ್ ಪೋಲ್ಗಾರ್ ಅದಕ್ಕೆ ಅರ್ಹತೆ ಗಳಿಸಿದರೂ ಆಡಗೊಡಲಿಲ್ಲ. ಆ ಗಲಾಟೆಯ ಬಳಿಕ ಗಂಡಸರ ಎಂಬ ಪದವನ್ನು ತೆಗೆದುಹಾಕಬೇಕಾಯಿತು. ಮುಂಬೈಯ ಶಾಲೆಯ ಹುಡುಗಿ ಹತ್ತು ವರ್ಷ ಮುಂಚೆಯೇ ಎದುರಿಸಿದ್ದ ಗೋಡೆ ಅದು.

ರೋಹಿಣಿಯ ಆಟ ಅಲ್ಲಿಗೆ ನಿಲ್ಲಲಿಲ್ಲ. ರಾಷ್ಟ್ರೀಯ ಕಿರೀಟಗಳನ್ನು ಅವರು ಹೈದರಾಬಾದ್, ಕೊಟ್ಟಾಯಂ, ಮದ್ರಾಸ್, ದೆಹಲಿ ಎಂದು ಊರೂರಿನಲ್ಲಿ ಗೆದ್ದರು. 1981ರಲ್ಲಿ ಹೈದರಾಬಾದಿನಲ್ಲಿ ಏಷ್ಯಾ ಮಹಿಳಾ ಚಾಂಪಿಯನ್‌ಶಿಪ್ ಅನ್ನು ಒಂದೂ ಪಂದ್ಯ ಸೋಲದೆ ಗೆದ್ದರು. 1983ರಲ್ಲಿ ಕ್ವಾಲಾಲಂಪುರದಲ್ಲಿ ಮತ್ತೊಮ್ಮೆ. ಅರ್ಜುನ ಪ್ರಶಸ್ತಿ ಬಂತು. ಮುಂದೆ ಮನೆಯ ವೃತ್ತಿಯಾದ ಪತ್ರಿಕೋದ್ಯಮಕ್ಕೇ ಬಂದರು.

ಆಮೇಲಿನ ಕಥೆ ವೇಗದ್ದು. ಭಾಗ್ಯಶ್ರೀ ಸಾಠೆ (ಮದುವೆಯ ನಂತರ ಥಿಪ್ಸೆ) ಮತ್ತು ಅನುಪಮಾ ಗೋಖಲೆ ಐದೈದು ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು. ಅನುಪಮಾಗೆ ಹದಿಹರೆಯದಲ್ಲೇ ಪದ್ಮಶ್ರೀ ಬಂತು. ಚೆನ್ನೈಯ ಎಸ್. ವಿಜಯಲಕ್ಷ್ಮಿ ಆರು ಬಾರಿ ಗೆದ್ದು, ದೇಶದ ಮೊದಲ ಮಹಿಳಾ ಗ್ರಾಂಡ್‌ಮಾಸ್ಟರ್ ಎನಿಸಿದರು. ಆಂಧ್ರದ ಕೊನೇರು ಹಂಪಿ 2002ರಲ್ಲಿ ಹದಿನೈದು ತುಂಬಿದ ಎರಡೇ ತಿಂಗಳೊಳಗೆ ಪೂರ್ಣ ಗ್ರಾಂಡ್‌ಮಾಸ್ಟರ್ ಪದವಿ ಪಡೆದು ಜೂಡಿತ್ ಪೋಲ್ಗಾರ್ ಅವರ ದಾಖಲೆ ಮುರಿದರು. ಅದಕ್ಕೂ ಮುನ್ನ 2000ದಲ್ಲಿ ಹಂಪಿ ಬ್ರಿಟಿಷ್ ಮಹಿಳಾ ಕಿರೀಟ ಗೆದ್ದಿದ್ದರು. ಫಾತಿಮಾ ಗೆದ್ದಿದ್ದ ಅದೇ ಕಿರೀಟ. ಒಡಿಶಾದ ಪದ್ಮಿನಿ ರಾವತ್ 2014ರಿಂದ 2017ರವರೆಗೆ ಸತತ ನಾಲ್ಕು ಬಾರಿ ರಾಷ್ಟ್ರೀಯ ಚಾಂಪಿಯನ್. 2022ರಲ್ಲಿ ಭುವನೇಶ್ವರದಲ್ಲಿ ಆ ಪಟ್ಟ ನಾಗಪುರದ ದಿವ್ಯಾ ದೇಶಮುಖ್‌ಗೆ ದಕ್ಕಿತು.

2024ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್‌ನ ಒಲಿಂಪಿಯಾಡ್‌ನಲ್ಲಿ ಹಾರಿಕಾ, ವೈಶಾಲಿ, ದಿವ್ಯಾ, ವಂತಿಕಾ, ತಾನಿಯಾ ಇದ್ದ ಭಾರತದ ಮಹಿಳಾ ತಂಡ ಚಿನ್ನ ಗೆದ್ದಿತು. ಮರುವರ್ಷ ಜುಲೈನಲ್ಲಿ ಜಾರ್ಜಿಯಾದ ಬಟೂಮಿಯಲ್ಲಿ ಮಹಿಳಾ ವಿಶ್ವಕಪ್. ನೋನಾ ಅವರ ಸ್ವಂತ ನಾಡಿನಲ್ಲಿ ಫೈನಲ್‌ಗೆ ಬಂದವರು ಇಬ್ಬರೂ ಭಾರತೀಯರು: 38ರ ಹಂಪಿ, 19ರ ದಿವ್ಯಾ. ಎರಡು ದೀರ್ಘ ಪಂದ್ಯಗಳು ಡ್ರಾ. ಟೈಬ್ರೇಕರ್‌ನ ಮೊದಲ ವೇಗದ ಪಂದ್ಯವೂ ಡ್ರಾ. ಎರಡನೆಯದರಲ್ಲಿ ಕಪ್ಪು ಕಾಯಿ ಹಿಡಿದಿದ್ದ ದಿವ್ಯಾ, ಇಬ್ಬರ ಗಡಿಯಾರವೂ ಬರಿದಾಗುತ್ತಿದ್ದ ಹೊತ್ತಿನಲ್ಲಿ ಗೆದ್ದರು. ಆ ಒಂದು ಗೆಲುವಿನಿಂದಲೇ ಗ್ರಾಂಡ್‌ಮಾಸ್ಟರ್ ಪದವಿಯೂ ಬಂತು. ತಾಯಿಯನ್ನು ಅಪ್ಪಿಕೊಂಡು ಅತ್ತ ಆ ಹುಡುಗಿಯ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ.

ಮೊದಲ ಪಂದ್ಯಾವಳಿಗೆ ಜಾಗ ಕೊಟ್ಟ ಕರ್ನಾಟಕ ಈ ಓಟದಲ್ಲಿ ಹಿಂದೆ ಉಳಿದದ್ದನ್ನು ಮುಚ್ಚಿಡುವಂತಿಲ್ಲ. ನಮ್ಮ ಮೊದಲ ಗ್ರಾಂಡ್‌ಮಾಸ್ಟರ್ ಮೈಸೂರಿನ ತೇಜ್‌ಕುಮಾರ್ ಆ ಪದವಿ ಮುಟ್ಟಿದ್ದು 2017ರಲ್ಲಿ. ದಕ್ಷಿಣ ಕನ್ನಡದ ಇಶಾ ಶರ್ಮಾ ರಾಜ್ಯದ ಮೊದಲ ಮಹಿಳಾ ಗ್ರಾಂಡ್‌ಮಾಸ್ಟರ್ ಆದದ್ದು ಅದಕ್ಕೂ ನಂತರ. ಬೆಂಗಳೂರು, ಮೈಸೂರು, ಮಂಗಳೂರಿನ ಕಡೆ ತರಬೇತಿ ಇದೆ, ಕ್ಲಬ್ಬುಗಳಿವೆ. ಬಾದಾಮಿ, ಹುನಗುಂದ, ಇಳಕಲ್ಲಿನ ಹುಡುಗಿಗೆ ಸಿಗುವುದು ಬಹುಪಾಲು ಶಾಲಾ ಕ್ರೀಡಾಕೂಟ ಮಾತ್ರ. ಅಲ್ಲಿ ಚೆಸ್ ಇದೆ. ಹುಡುಗರಿಗೊಂದು ಸಾಲು ಮೇಜು, ಹುಡುಗಿಯರಿಗೊಂದು ಸಾಲು. ತಾಲ್ಲೂಕು ಮುಗಿಸಿ ಜಿಲ್ಲೆಗೆ, ಜಿಲ್ಲೆ ಮುಗಿಸಿ ವಿಭಾಗಕ್ಕೆ ಹೋಗುವಾಗಲೂ ಹಾಗೆಯೇ. ಪ್ರತ್ಯೇಕ ಸಾಲು ಇರಲಿ, ಅದರಿಂದಲೇ ಎಷ್ಟೋ ಹುಡುಗಿಯರು ಮೊದಲ ಬಾರಿಗೆ ಮನೆಯ ಹೊರಗೆ ಬಂದು ಆಡುತ್ತಾರೆ. ಆದರೆ ಕ್ರೀಡಾಕೂಟ ನಡೆಸುವ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಬಹುಮಾನ ಹಂಚುವ ಮುಂಚೆ ಹುಡುಗಿಯರ ಸಾಲಿನಲ್ಲಿ ಗೆದ್ದವಳನ್ನು ಹುಡುಗರ ಸಾಲಿನಲ್ಲಿ ಗೆದ್ದವನ ಎದುರು ಕೂರಿಸಿ, ಗಡಿಯಾರ ಇಟ್ಟು ಇನ್ನೊಂದು ಪಂದ್ಯ ಆಡಿಸಿ. ಜಾಣರಿದ್ದರೆ ನಡೆಗಳನ್ನು ಬರೆದಿಡಲಿ. ಎಲ್ಲರಿಗೂ ತೆರೆದಿರುವ ಓಪನ್ ಟೂರ್ನಿ ಎಲ್ಲಿ, ಯಾವಾಗ ನಡೆಯುತ್ತದೆ ಎಂಬುದನ್ನು ಅದೇ ದಿನ ಅವಳ ಅವ್ವ ಅಪ್ಪನಿಗೆ ತಿಳಿಸಿ, ಪ್ರವೇಶದ ಅರ್ಜಿಯನ್ನು ಅಲ್ಲೇ ತುಂಬಿಸಿ.